ಅಂಗಳದ ದೆವ್ವದ ಪಂಚೆ

ಪಂಚೆ ಹೋಯಿತೆಂದು ತಿಳಿದದ್ದು ಗುರುವಾರ ಬೆಳಗ್ಗೆ. ವಸಂತಮ್ಮ ದೇವರ ಮುಂದೆ ದೀಪ ಹಚ್ಚಿ ಇನ್ನೂ ಕಣ್ಣು ಮುಚ್ಚಿರಲಿಲ್ಲ.

"ಅಜ್ಜೀ, ಕಮ್ ಔಟ್! ನಮ್ಮ ಗೋಸ್ಟ್ ಬಟ್ಟೆ ಹಾಕ್ಕೊಂಡಿಲ್ಲ!"

ಕೂಗಿದವಳು ಮೊಮ್ಮಗಳು ಶ್ರಾವಣಿ. ಸ್ಕೂಲ್ ಬಸ್ಸಿಗೆಂದು ಹೊರಟವಳು ಬೆನ್ನಿಗೆ ಬ್ಯಾಗು ಹಾಕಿಕೊಂಡು ಅಂಗಳದ ನಡುವೆ ನಿಂತುಬಿಟ್ಟಿದ್ದಳು.

ವಸಂತಮ್ಮ ಶಾಲು ಹೊದ್ದು ಹೊರಗೆ ಬಂದರು. ಇರುಳೆಲ್ಲ ಸುರಿದ ಮಳೆ ಬೆಳಗಾಗುವ ಮುಂಚೆಯೇ ಬಿಟ್ಟಿತ್ತು. ಬೇಸಿಗೆಯಲ್ಲಿ ಟೊಮೆಟೊ ಗಿಡಕ್ಕೆ ಆಸರೆ ಕೊಟ್ಟಿದ್ದ ತಂತಿಯ ಗೂಡು ಹುಲ್ಲಿನ ಮೇಲೆ ತಲೆಕೆಳಗಾಗಿ ನಿಂತಿತ್ತು. ಅದರ ತುದಿಗೆ ಸಿಕ್ಕಿಸಿದ ಹಾಲಿನ ಕ್ಯಾನೇ ತಲೆ. ಹೊಟ್ಟೆಯೊಳಗೆ ಸುತ್ತಿದ್ದ ಕ್ರಿಸ್‌ಮಸ್ ದೀಪದ ಸರ ಇನ್ನೂ ಮಿಣುಕುತ್ತಿತ್ತು. ಮೇಲೆ ಹೊದಿಸಿದ್ದ ಬಿಳಿ ಪಂಚೆ ಮಾತ್ರ ಇರಲಿಲ್ಲ.

ಅದು ಅವರ ಯಜಮಾನರಾದ ಮುರಳೀಧರರ ಪಂಚೆ.

ಹೋದ ವರ್ಷ, ದೆವ್ವಗಳ ಹಬ್ಬವಾದ ಹ್ಯಾಲೋವೀನಿಗೆ ಈ ಗೂಡನ್ನು ಬೋರಲು ಹಾಕಿ ದೆವ್ವ ಮಾಡಿದವರು ಅವರೇ. ಕ್ಲಾರ್ಕ್ಸ್‌ಬರ್ಗಿನ ಈ ಬಡಾವಣೆಯ ಅಸೋಸಿಯೇಶನ್ ಪ್ರತಿ ಅಕ್ಟೋಬರಿನಲ್ಲೂ ಅಂಗಳ ಅಲಂಕಾರದ ಪಂದ್ಯ ಇಡುತ್ತದೆ. ಎಲ್ಲವನ್ನೂ ಮನೆಯಲ್ಲೇ ಮಾಡಿರಬೇಕು, ಖರ್ಚು ಇಪ್ಪತ್ತು ಡಾಲರ್ ದಾಟಬಾರದು. ಅಂಗಡಿಯಲ್ಲಿ ಗಾಳಿ ತುಂಬಿದ ರಾಕ್ಷಸನ ಬೆಲೆ ನೋಡಿ ಬೆಚ್ಚಿದ್ದ ಮುರಳೀಧರರಿಗೆ ಈ ಕಟ್ಟಳೆ ಬಹಳ ಹಿಡಿಸಿತ್ತು. ಆಗ ದೆವ್ವಕ್ಕೆ ಹಳೆಯ ಬೆಡ್‌ಶೀಟು ಹೊದಿಸಿದ್ದರು. "ನಮ್ಮ ಮೈಸೂರಿನ ದೆವ್ವ ಬೆಡ್‌ಶೀಟ್ ಹೊದ್ಕೊಳ್ಳಲ್ಲ ಕಣೇ, ಪಂಚೆ ಉಟ್ಕೊಳ್ಳತ್ತೆ" ಎಂದು ನಕ್ಕಿದ್ದರು. ಅದಾದ ಮೇಲೆ ಕಾರ್ತಿಕ ಮಾಸದಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ.

ಅದಕ್ಕೇ ಈ ಸಲ ವಸಂತಮ್ಮನೇ ಪೆಟ್ಟಿಗೆ ತೆಗೆದು ಪಂಚೆ ಕೊಟ್ಟಿದ್ದರು. ಉಳಿದವನ್ನೆಲ್ಲ ದಾನ ಕೊಟ್ಟಾಗಿತ್ತು, ಇದೊಂದೇ ಉಳಿದದ್ದು. ಕತ್ತರಿ ತಾಗಿಸಬಾರದು, ಬಣ್ಣ ಬಳಿಯಬಾರದು, ಹಬ್ಬ ಮುಗಿದ ಮೇಲೆ ಒಗೆದು ತಮ್ಮ ಕೈಗೇ ಕೊಡಬೇಕು ಎಂದು ಮಾತು ತೆಗೆದುಕೊಂಡಿದ್ದರು. ಬರುವ ತಿಂಗಳು ವರ್ಷಾಬ್ದಿಕ. ಆ ದಿನ ಆ ಪಂಚೆಯನ್ನು ಮಡಿಸಿ ಅವರ ಪಟದ ಮುಂದೆ ಇಡಬೇಕು ಎಂಬುದೊಂದೇ ಅವರ ಆಸೆ.

"ಅಜ್ಜೀ, ಆರ್ ಯೂ ಸ್ಯಾಡ್?"

"ಇಲ್ಲ ಪುಟ್ಟಿ. ನೀನು ಬಸ್ಸಿಗೆ ಓಡು. ನಾನು ನೋಡ್ಕೋತೀನಿ."

"ಯೂ ಆಲ್ವೇಸ್ ಫೈಂಡ್ ಥಿಂಗ್ಸ್" ಎಂದು ಶ್ರಾವಣಿ ಓಡಿದಳು.

ಅದೂ ನಿಜವೇ. ಶ್ಯಾಂಟಿಲಿಯ ದೇವಸ್ಥಾನದಲ್ಲಿ ಕಳೆದಿದ್ದ ಬೆಳ್ಳಿಯ ಮಂಗಳಾರತಿ ತಟ್ಟೆಯನ್ನು ಹುಡುಕಿಕೊಟ್ಟ ಮೇಲೆ ಇಲ್ಲಿನ ಕನ್ನಡದ ಮನೆಗಳಲ್ಲಿ ಏನು ಕಳೆದರೂ ಮೊದಲು ವಸಂತಮ್ಮನಿಗೆ ಫೋನು ಬರುತ್ತಿತ್ತು. ಈಗ ಅವರದೇ ವಸ್ತು ಹೋಗಿತ್ತು.

ಅಳಿಯ ಅವಿನಾಶ್ ಕಾಫಿ ಲೋಟ ಹಿಡಿದೇ ಹೊರಗೆ ಬಂದ. ಅವನ ಮುಖ ಕೆಂಪಾಗಿತ್ತು.

"ಆ ಹೈಸ್ಕೂಲ್ ಹುಡುಗರದೇ ಕೆಲಸ ಅತ್ತೆ. ಗ್ರೂಪಲ್ಲಿ ಆಗ್ಲೇ ಪೋಸ್ಟ್ ಮಾಡ್ದೆ, ನಮ್ಮ ನೇಬರ್‌ಹುಡ್‌ನಲ್ಲಿ ಕಳ್ಳ ಇದಾನೆ ಅಂತ."

"ಬಾಗಿಲ ಕ್ಯಾಮೆರಾ ನೋಡಿದ್ಯೇನಪ್ಪ?"

ಅವಿನಾಶ್ ಕತ್ತು ತುರಿಸಿಕೊಂಡ. "ಚೆಕ್ ಮಾಡ್ದೆ. ಬರೀ ಬೆಳ್ಳಗೆ ಕಾಣತ್ತೆ."

ಒಳಗಿನಿಂದ ಮಗಳು ಅಮೂಲ್ಯಾ ನಗುತ್ತ ಹೇಳಿದಳು: "ಇವ್ರು ಸಂಡೇ ದಿಂಬಿನ ಹತ್ತಿ ಎಳೆದೆಳೆದು ಜೇಡರಬಲೆ ಮಾಡಿದ್ರಲ್ಲಮ್ಮ, ಅದನ್ನ ಸೀದಾ ಕ್ಯಾಮೆರಾ ಮೇಲೇ ಅಂಟಿಸಿದಾರೆ. ಸೆಕ್ಯೂರಿಟಿ ಎಕ್ಸ್‌ಪರ್ಟ್ ಅಂತೆ!"

"ಅದು ರಿಯಲಿಸ್ಟಿಕ್ ಆಗಿ ಕಾಣ್ಲಿ ಅಂತ..."

"ಕಾಣ್ತಿದೆ, ಚೆನ್ನಾಗೇ ಕಾಣ್ತಿದೆ. ಅದು ಬಿಟ್ಟು ಇನ್ನೇನೂ ಕಾಣ್ತಿಲ್ಲ."

ವಸಂತಮ್ಮನಿಗೂ ನಗು ಬಂತು. ಭಾನುವಾರ ಇಡೀ ಮನೆ ಅಂಗಳದಲ್ಲೇ ಕಳೆದಿತ್ತು. ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಬೂದು ಬಣ್ಣ ಬಳಿದು ಗೋರಿಕಲ್ಲು ಮಾಡಿದ್ದರು. ಒಂದರ ಮೇಲೆ ಅವಿನಾಶ್ "ಸೋಮವಾರದ ಮೀಟಿಂಗ್ ಇಲ್ಲಿ ಚಿರನಿದ್ರೆಯಲ್ಲಿದೆ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಕಪ್ಪು ಕಸದ ಚೀಲಕ್ಕೆ ಒಣಗಿದ ಮೇಪಲ್ ಎಲೆ ತುಂಬಿ ಜೇಡ ಮಾಡಿ ದೆವ್ವದ ಹೆಗಲ ಮೇಲೆ ಕೂರಿಸಿದ್ದರು. ಡ್ರೈವ್‌ವೇ ತುಂಬ ವಸಂತಮ್ಮ ರಂಗೋಲಿಯಲ್ಲಿ ಜೇಡರಬಲೆ ಬಿಡಿಸಿದ್ದರು. ಎದುರು ಮನೆಯ ಬಿಳಿಯ ಹೆಂಗಸು ಅದನ್ನು ಯಾವ ಸ್ಟೆನ್ಸಿಲ್ ಇಟ್ಟು ಮಾಡಿದಿರಿ ಎಂದು ಕೇಳಿದ್ದಳು. ಯಜಮಾನರು ಹೋದ ಮೇಲೆ ಅಷ್ಟು ನಕ್ಕ ದಿನ ಬೇರೊಂದಿರಲಿಲ್ಲ.

ಅಳಿಯ, ಮಗಳು ಒಳಗೆ ಹೋದ ಮೇಲೆ ವಸಂತಮ್ಮ ಅಂಗಳವನ್ನು ನಿಧಾನವಾಗಿ ಸುತ್ತಿದರು.

ತುಂಟ ಹುಡುಗರು ಬಂದಿದ್ದರೆ ಗೋರಿಕಲ್ಲು ಒದೆಯದೆ ಹೋಗುತ್ತಿದ್ದರೆ? ಮಳೆಗೆ ತೊಯ್ದಿದ್ದರೂ ಒಂದೂ ಅಲುಗಿರಲಿಲ್ಲ. ತಂತಿಯ ಗೂಡು ನೆಟ್ಟ ಹಾಗೆಯೇ ಇತ್ತು. ಹೆಗಲ ಮೇಲಿದ್ದ ಜೇಡ ಈಗ ಬಾಗಿಲ ಬಳಿ, ಸೂರಿನ ಕೆಳಗೆ, ನೀರು ಬೀಳದ ಕಡೆ ಕೂತಿತ್ತು. ಅದರ ಪಕ್ಕದಲ್ಲಿ ಕಪ್ಪು ಕಾಲುಚೀಲದಿಂದ ಕತ್ತರಿಸಿ ಮಾಡಿದ್ದ ದೆವ್ವದ ಎರಡು ಕಣ್ಣುಗಳು. ಅವನ್ನು ಪಂಚೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನುಗಳನ್ನು ಯಾರಿಗೂ ಚುಚ್ಚದಂತೆ ಮುಚ್ಚಿ, ಒಂದರ ಪಕ್ಕ ಒಂದು ಜೋಡಿಸಿ ಇಟ್ಟಿದ್ದರು.

ಕಳ್ಳ ತುಂಬ ಮರ್ಯಾದಸ್ಥ ಎಂದುಕೊಂಡರು ವಸಂತಮ್ಮ.

ಜೇಡವನ್ನು ಎತ್ತಿ ತಿರುಗಿಸಿದಾಗ ಅವರ ಕೈ ನಿಂತಿತು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಗೆ ಮೂರು ಗೆರೆ. ಮೂರು ಬೆರಳು ಒಟ್ಟಿಗೆ ಎಳೆದಂತೆ.

ಮುರಳೀಧರರ ಹಣೆಯ ಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಕಂಡ ಗೆರೆಗಳು ಅವು.

ವಸಂತಮ್ಮ ತಲೆಯೆತ್ತಿ ಬೀದಿಯ ಎರಡೂ ಕಡೆ ನೋಡಿದರು. ಆಮೇಲೆ ಸುಧಾರಿಸಿಕೊಂಡರು. ಯಜಮಾನರೇ ಬಂದಿದ್ದರೆ ಕಾಫಿ ಕೇಳದೆ ಹೋಗುತ್ತಿರಲಿಲ್ಲ.

ರಂಗೋಲಿ ಪುಡಿಯೇನೋ ಎಂದು ಮೊದಲು ಉಗುರಿನಿಂದ ಕೆರೆದು ನೋಡಿದರು. ರಂಗೋಲಿ ಪುಡಿ ಬೆರಳಿಗೆ ತರಿತರಿಯಾಗಿ ಸಿಕ್ಕುತ್ತದೆ, ಇದು ನುಣ್ಣಗಿತ್ತು. ಮೇಲಾಗಿ ರಂಗೋಲಿಯೆಲ್ಲ ಮಳೆಯಲ್ಲಿ ತೊಳೆದುಹೋಗಿತ್ತು, ಈ ಗೆರೆ ಮಳೆ ನಿಂತ ಮೇಲೆ ಮೂಡಿ ಒಣಗಿದ್ದು. ಮೂಗಿನ ಹತ್ತಿರ ಹಿಡಿದರು. ಅನುಮಾನವೇ ಇಲ್ಲ, ವಿಭೂತಿ.

ಅಷ್ಟರಲ್ಲಿ ಡ್ರೈವ್‌ವೇಯಲ್ಲಿ ಅಲಮೇಲು ಬರುತ್ತಿರುವುದು ಕಂಡಿತು. ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿರುವ ಅಯ್ಯಂಗಾರ್ ಹೆಂಗಸು. ಮಂಗಳವಾರ ಇದೇ ಜಾಗದಲ್ಲಿ ನಿಂತು, ಹೋದವರ ಬಟ್ಟೆಯನ್ನು ದೆವ್ವಕ್ಕೆ ಉಡಿಸುವುದುಂಟೇ ಎಂದು ನಾಲ್ಕು ಜನರ ಎದುರು ಜಬರಿಸಿ ಹೋಗಿದ್ದರು. ಇವತ್ತು ಅವರ ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು.

"ಪುಳಿಯೋಗರೆ ತಂದಿದೀನಿ. ಗ್ರೂಪಲ್ಲಿ ನೋಡ್ದೆ. ನಾನೇ ತಗೊಂಡೆ ಅಂತ ತಾನೇ ನಿಮ್ಮ ಮನಸ್ಸಲ್ಲಿ?"

"ಹಾಗೆ ಯಾರಂದ್ರು ಅಲಮೇಲು?"

"ಅನ್ನಬೇಕೇನ್ರಿ? ನಿಮ್ಮ ಕಣ್ಣೇ ಹೇಳ್ತಿದೆ. ನೋಡಿ, ನಾನು ತಗೊಳ್ಳೋಳಾಗಿದ್ರೆ ಮಂಗಳವಾರವೇ ನಿಮ್ಮ ಎದುರೇ ಕಿತ್ಕೊಂಡು ಹೋಗ್ತಿದ್ದೆ. ಕದ್ದು ಹೋಗೋ ಜಾಯಮಾನ ನಮ್ಮದಲ್ಲ."

ವಸಂತಮ್ಮ ಜೇಡವನ್ನು ಮುಂದೆ ಹಿಡಿದರು. ಅಲಮೇಲು ಕನ್ನಡಕ ಸರಿಮಾಡಿಕೊಂಡು ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು.

"ವಿಭೂತಿ! ರಾಮ ರಾಮ, ನಮ್ಮನೇಲಿ ಇದು ಎಲ್ಲಿಂದ ಬರಬೇಕು? ನಮ್ಮ ಮಾವನವರು ಕೇಳಿದ್ರೆ ಮೇಲಿಂದ್ಲೇ ಬೈಯ್ತಿದ್ರು."

ಇಬ್ಬರೂ ನಕ್ಕರು. ಮಂಗಳವಾರದ ಕಹಿ ಅಲ್ಲಿಗೆ ಕರಗಿತು.

ಅಲಮೇಲು ಹೋದ ಮೇಲೆ ವಸಂತಮ್ಮ ಮತ್ತೆ ಗೆರೆಗಳನ್ನು ನೋಡಿದರು. ಅವರ ಯಜಮಾನರು ಹಚ್ಚುತ್ತಿದ್ದದ್ದು ಪೊಟ್ಟಣದ ಒಣ ಪುಡಿ. ಅದು ಮುಟ್ಟಿದರೆ ಉದುರುತ್ತದೆ. ಇದು ಹಾಗಲ್ಲ. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ದಪ್ಪಗೆ ಬಳಿದುಕೊಂಡ ಬೆರಳಿನದು. ಬೆಳಗಿನ ಜಾವ ಲಿಂಗಪೂಜೆ ಮುಗಿಸಿ, ಕೈ ಕೂಡ ತೊಳೆಯದೆ ನೇರವಾಗಿ ನಡೆದು ಬಂದವರದು.

ಅಂಥವರು ಈ ದಾರಿಯಲ್ಲಿ ದಿನಾ ಒಬ್ಬರು ಬರುತ್ತಿದ್ದರು. "ಶರಣ್ರೀ ವಸಂತಕ್ಕಾರ" ಎಂದು ಬೀದಿಯಿಂದಲೇ ಕೂಗಿ ಮುಂದೆ ಹೋಗುತ್ತಿದ್ದರು. ಇವತ್ತು ಹೊತ್ತು ಇಷ್ಟೇರಿದರೂ ಆ ಕೂಗು ಕೇಳಿರಲಿಲ್ಲ.

ವಸಂತಮ್ಮ ಜೇಡವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಕರಬಸಪ್ಪ ಧಾರವಾಡದ ಕಡೆಯವರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು, ಈಗ ಮಗ ಶಶಿಕಾಂತನ ಮನೆಯಲ್ಲಿ ಇದ್ದರು. ಮುರಳೀಧರರೂ ಅವರೂ ಹೋದ ವರ್ಷ ಜೊತೆಯಾಗಿ ವಾಕಿಂಗ್ ಹೋಗುತ್ತಿದ್ದರು. ಒಬ್ಬರದು ಮೈಸೂರಿನ ಮೆಲುಮಾತು, ಇನ್ನೊಬ್ಬರದು ಧಾರವಾಡದ ಗಟ್ಟಿ ದನಿ. ಜಗಳವಾಡುತ್ತಿದ್ದಾರೇನೋ ಎಂದು ಬೀದಿಯವರು ಕಿಟಕಿ ತೆರೆದು ನೋಡುತ್ತಿದ್ದರು.

ಬಾಗಿಲು ತೆರೆದವರು ಅವರ ಹೆಂಡತಿ ಶಿವಬಸಮ್ಮ. ವಸಂತಮ್ಮನನ್ನು ನೋಡಿ, ಕಂಕುಳಲ್ಲಿದ್ದ ಜೇಡವನ್ನು ನೋಡಿ, ತಿರುಗಿ ಒಳಗೆ ನೋಡಿದರು.

"ಬರ್ರಿ. ಅವರಿಗೆ ಮೈಯಾಗ ಆರಾಮಿಲ್ರಿ."

ಕರಬಸಪ್ಪ ಸೋಫಾದ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಹಣೆ ತುಂಬ ವಿಭೂತಿ. ಆರಾಮಿಲ್ಲದವರ ಮುಖವಾಗಿರಲಿಲ್ಲ ಅದು.

"ಏನಾಯ್ತು ಕರಬಸಪ್ಪನವರೇ? ಇವತ್ತು ವಾಕಿಂಗ್ ಹೋಗ್ಲಿಲ್ವಾ?"

"ಇಲ್ರಿ. ಮಳೀ ನೋಡ್ರಿ."

"ಮಳೆ ಬೆಳಗಾಗೋ ಮುಂಚೆಯೇ ನಿಂತಿತ್ತು."

"ನಿಂತಿತ್ತೇನ್ರಿ? ನಾ ನೋಡಿಲ್ಲ."

ವಸಂತಮ್ಮ ಜೇಡವನ್ನು ಟೀಪಾಯಿಯ ಮೇಲೆ ಇಟ್ಟರು. ಮೂರು ಗೆರೆಗಳು ಕರಬಸಪ್ಪನವರ ಕಡೆಗೆ ಇದ್ದವು.

"ಇದನ್ನ ನೋಡಿ. ನಮ್ಮನೆ ಜೇಡ ರಾತ್ರೋರಾತ್ರಿ ಶಿವಭಕ್ತ ಆಗಿಬಿಟ್ಟಿದೆ. ದೀಕ್ಷೆ ಕೊಟ್ಟೋರು ಯಾರು ಅಂತ ಕೇಳೋಕೆ ಬಂದೆ."

ಕರಬಸಪ್ಪ ಜೇಡವನ್ನೇ ನೋಡುತ್ತ ಕೂತರು. ಶಿವಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆದರೆ ನಗು ನಿಲ್ಲಲಿಲ್ಲ.

"ಹೇಳ್ರಿ ಇನ್ನ. ಮುಂಜಾನಿಂದ ಒಂದ ತುತ್ತು ಹೊಟ್ಟಿಗೆ ಹಾಕಿಲ್ಲ. ಫೋನ್ ನೋಡೂದು, ಕಂಬಳಿ ಹೊದ್ಕೊಳ್ಳೂದು. ದೊಡ್ಡ ಇಂಜಿನಿಯರ್, ಅಣೆಕಟ್ಟು ಕಟ್ಟಿದವ್ರು, ಒಂದ ಪಂಚಿಗೆ ಹೆದರಿ ಕುಂತಾರ!"

"ಸುಮ್ನಿರs ನೀ." ಕರಬಸಪ್ಪ ಕಂಬಳಿ ಸರಿಸಿದರು. "ಹೌದ್ರಿ ವಸಂತಕ್ಕ. ನಾನs ತಗೊಂಡೇನಿ."

"ಯಾಕೆ?"

"ನಸಕಿನ್ಯಾಗ ವಾಕಿಂಗ್ ಹೊಂಟಿದ್ದೆರಿ. ನಿಮ್ಮ ಅಂಗಳದಾಗ ನಮ್ಮ ಮುರಳೀಧರ ರಾಯರು ನಿಂತಂಗ ಕಂಡ್ತು. ಪಂಚಿ ತೊಯ್ದು ತೊಪ್ಪಿಯಾಗಿ, ಒಂದs ಸಮನ ನೀರು ಸೋರಾಕತ್ತಿತ್ತು. ದೆವ್ವ ಅಂತ ಗೊತ್ತೈತಿ, ತಂತಿ ಅಂತ ಗೊತ್ತೈತಿ. ಆದ್ರೂ ಕಾಲು ಮುಂದಕ ಬರವಲ್ದು. ಆ ಮನಷ್ಯಾನ್ನ ಹಂಗ ತಣ್ಣಗ ಬಿಟ್ಟು ಹೆಂಗ ಹೋಗೂದ್ರಿ?"

ಅವರ ಗಟ್ಟಿ ದನಿ ಅಲ್ಲಿ ಒಡೆಯಿತು.

"ಒಗದು, ಇಸ್ತ್ರಿ ಮಾಡಿ, ನೀವು ಏಳೂದ್ರಾಗ ತಂದು ಹೊದಿಸಿಬಿಡ್ಬೇಕು ಅಂತಿದ್ದೆ. ಇಸ್ತ್ರಿ ಮಾಡಾಕತ್ತೇನಿ, ಫೋನ್ ಟಣ್ ಅಂತು. ನೋಡ್ತೀನಿ, ನಿಮ್ಮ ಅಳಿಯ ಕಳ್ಳ ಅಂತ ಬರದಾರ. ಅದರ ಕೆಳಗ ಮಂದಿ ಸಿಟ್ಟಿನ ಮುಖ ಹಾಕ್ಯಾರ. ಹಂಗಂದ ಮ್ಯಾಲೆ ಕೈಯಾಗ ಪಂಚಿ ಹಿಡ್ಕೊಂಡು ಹೆಂಗ ಬರ್ಲಿ, ನೀವs ಹೇಳ್ರಿ?"

ವಸಂತಮ್ಮ ಮೊದಲು ನಕ್ಕರು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡರು. ತಮ್ಮೊಬ್ಬರಿಗೇ ಉಳಿದಿದೆ ಎಂದುಕೊಂಡಿದ್ದ ನೆನಪು ಇನ್ನೊಂದು ಮನೆಯಲ್ಲೂ ಹೀಗೆ ಬೆಚ್ಚಗಿದೆ ಎಂದು ತಿಳಿದಾಗ ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು.

"ಅಳಿಯನಿಗೆ ನಾನು ಹೇಳ್ತೀನಿ. ಅವನೇ ಬಂದು ನಿಮ್ಮ ಕೈಲಿ ಚಹಾ ಕುಡಿದು ಹೋಗ್ತಾನೆ. ಈಗ ಏಳಿ, ಏನಾದ್ರೂ ತಿನ್ನಿ."

"ಹಂಗಾರ ಸಿಟ್ಟಿಲ್ಲ?"

"ಸಿಟ್ಟಾ? ಈ ವರ್ಷದಲ್ಲಿ ಅವರಿಗೋಸ್ಕರ ಯಾರೂ ಇಷ್ಟು ಕಷ್ಟಪಟ್ಟಿರ್ಲಿಲ್ಲ."

ಶಿವಬಸಮ್ಮ ಚಹಾ ತಂದರು, ರೊಟ್ಟಿ ತಂದರು. ಕರಬಸಪ್ಪ ಒಳಗೆ ಹೋಗಿ, ಗೆರೆ ಹಿಡಿದು ಮಡಿಸಿದ ಪಂಚೆಯನ್ನು ಎರಡೂ ಕೈಯಲ್ಲಿ ತಂದು ಕೊಟ್ಟರು. ಅದಕ್ಕಿನ್ನೂ ಇಸ್ತ್ರಿಯ ವಾಸನೆಯಿತ್ತು. ವಸಂತಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಚಹಾ ಕುಡಿಯುತ್ತ ಸುಮ್ಮನೆ ಅದರ ಅಂಚನ್ನು ಸವರುತ್ತಿದ್ದರು.

ಸವೆದು ಮೆತ್ತಗಿರಬೇಕಾದ ಅಂಚು ಗಡುಸಾಗಿ ಬೆರಳಿಗೆ ತಡೆಯಿತು.

ಲೋಟ ಕೆಳಗಿಟ್ಟರು. ಪಂಚೆಯ ಒಂದು ಮೂಲೆ ಬಿಚ್ಚಿದರು, ಇನ್ನೊಂದು ಮೂಲೆ ಬಿಚ್ಚಿದರು. ಅವರ ಮನೆಯಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಸಿನ ಹಚ್ಚದೆ ಯಾರೂ ಉಡುವುದಿಲ್ಲ. ಎಷ್ಟು ಒಗೆದರೂ ಆ ಕಲೆ ಮಾಸಲಾಗಿ ನಿಲ್ಲುತ್ತದೆ. ಇಲ್ಲಿ ಯಾವ ಮೂಲೆಯಲ್ಲೂ ಹಳದಿಯ ಸುಳಿವಿಲ್ಲ. ಕರ್ಪೂರದ ಕಿಡಿ ಬಿದ್ದು ಸುಟ್ಟ ಕಡೆ ತಾವೇ ಹಾಕಿದ್ದ ಹೊಲಿಗೆ ಹುಡುಕಿದರು. ಭಾನುವಾರ ದೆವ್ವಕ್ಕೆ ಹೊದಿಸುವಾಗ ಆ ಹೊಲಿಗೆಯನ್ನು ಒಳಮಗ್ಗುಲಿಗೆ ತಿರುಗಿಸಿದ್ದು ಚೆನ್ನಾಗಿ ನೆನಪಿತ್ತು. ಅದೂ ಇಲ್ಲ. ನೂಲು ಬಿಗಿಯಾಗಿತ್ತು. ಒಂದು ಬದಿಯಲ್ಲಿ ಮಿಲ್ಲಿನ ನೀಲಿ ಮುದ್ರೆ ಅರೆಬರೆ ಉಳಿದಿತ್ತು. ಅಂಚು ಮಾತ್ರ ಅದೇ ಹಸಿರು.

"ಕರಬಸಪ್ಪನವರೇ, ಇದು ಅವರ ಪಂಚೆ ಅಲ್ಲ."

"ಏನಂತೀರಿ! ನಿಮ್ಮ ದೆವ್ವದ ಮೈ ಮ್ಯಾಲಿಂದನs ತಗದೇನಿ. ಇದೊಂದs ಪಂಚಿ ನಮ್ಮ ಮನಿಯಾಗ ಬಂದದ್ದು. ಇಕಿನ್ನ ಕೇಳ್ರಿ."

"ಖರೇನ ರೀ" ಎಂದರು ಶಿವಬಸಮ್ಮ. "ನನ್ನ ಕೈಯಾರೆ ಹಿಂಡೀನಿ. ನಾವು ಉಡೂದು ಧೋತರ, ಅದರ ಅಂಚs ಬ್ಯಾರೆ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾದರೆ ಭಾನುವಾರದಿಂದ ಈಚೆಗೆ, ಕರಬಸಪ್ಪ ಬರುವ ಮೊದಲೇ, ಯಾರೋ ಬಂದು ಹಳೆಯ ಪಂಚೆ ತೆಗೆದು ಇದನ್ನು ಹೊದಿಸಿದ್ದಾರೆ. ಕಣ್ಣುಗಳನ್ನು ಅದೇ ಜಾಗಕ್ಕೆ ಪಿನ್ನು ಹಾಕಿ ಕೂರಿಸಿದ್ದಾರೆ. ಮನೆಯವರೆಲ್ಲ ದಿನಾ ನೋಡಿಯೂ ಗುರುತು ಹಿಡಿಯಲಿಲ್ಲ.

"ಹಳೇ ಪಂಚೆ ತಗೊಂಡು ಹೊಸಾದ್ದು ಇಟ್ಟು ಹೋಗೋ ಕಳ್ಳ ಎಲ್ಲಿದಾನೆ?" ಎನ್ನುತ್ತ ವಸಂತಮ್ಮ ಪಂಚೆಯನ್ನು ಪೂರ್ತಿ ಬಿಚ್ಚಿ ಟೀಪಾಯಿಯ ಮೇಲೆ ಹರಡಿದರು.

ಒಂದು ತುದಿ ನೆಟ್ಟಗಿರಲಿಲ್ಲ. ಉದ್ದಕ್ಕೂ ಎರಡು ಬೆರಳಗಲದ ಪಟ್ಟಿಯನ್ನು ಕೈಯಲ್ಲಿ ಹರಿದು ತೆಗೆದಿದ್ದರು.

"ನಾ ಹರದಿಲ್ರಿ" ಎಂದರು ಕರಬಸಪ್ಪ ಅವಸರದಿಂದ. "ಇಸ್ತ್ರಿ ಮಾಡೂವಾಗ ನೋಡೇನಿ. ಹಳೀ ಅರಿವಿ, ಜಗ್ಗಿರಬೇಕು ಅಂದ್ಕೊಂಡೆ."

ವಸಂತಮ್ಮನ ಮುಖದಲ್ಲಿದ್ದ ನಗು ಹೋಗಿತ್ತು. ಆ ಹರಿದ ಅಂಚನ್ನು ಅವರು ಮುಟ್ಟಲಿಲ್ಲ.

"ಇದು ಜಗ್ಗಿ ಹರಿದದ್ದಲ್ಲ. ನಮ್ಮಲ್ಲಿ ಮನೆಯ ಗಂಡಸು ತೀರಿಕೊಂಡಾಗ ಹೊಸ ಪಂಚೆ ಜೋಡಿ ತರ್ತಾರೆ. ಒಂದು ಅವರ ಮೈಮೇಲೆ ಹೋಗತ್ತೆ. ಇನ್ನೊಂದರ ತುದಿಯಿಂದ ಹೀಗೇ ಒಂದು ಪಟ್ಟಿ ಹರಿದು, ಕರ್ಮಕ್ಕೆ ಇಟ್ಟುಕೊಳ್ಳೋ ಕಲ್ಲಿಗೆ ಕಟ್ತಾರೆ. ಇವರು ಹೋದಾಗ ನನ್ನ ಕಣ್ಣೆದುರಿಗೇ ಹರಿದ್ರು. ಆ ಸದ್ದು ನನಗಿನ್ನೂ ಕಿವಿಯಲ್ಲಿದೆ."

ಶಿವಬಸಮ್ಮನ ಕೈ ತಾನಾಗಿ ಕೊರಳ ಲಿಂಗಕ್ಕೆ ಹೋಯಿತು.

"ಆದ್ರ ನಮ್ಮ ಮಂದಿಯಾಗ ಈಗ ಯಾರೂ ಹೋಗಿಲ್ಲಲ್ರೀ" ಎಂದರು ಕರಬಸಪ್ಪ. "ಯಾರಿಗರ ನೆಗಡಿ ಬಂದ್ರೂ ಗ್ರೂಪಿನ್ಯಾಗ ಬರತೈತಿ."

ಅದೇ ವಸಂತಮ್ಮನನ್ನೂ ಕಾಡುತ್ತಿತ್ತು. ಬಟ್ಟೆ ಹೊಸದು, ಹರಿದ ನೂಲು ಇನ್ನೂ ಎಳೆ ಬಿಟ್ಟಿರಲಿಲ್ಲ. ಈ ಬೀದಿಗಳಲ್ಲೇ ಎಲ್ಲೋ ಒಂದು ಮನೆಯಲ್ಲಿ, ಈ ನಾಲ್ಕಾರು ದಿನಗಳಲ್ಲಿ ಒಬ್ಬ ಗಂಡಸು ತೀರಿಕೊಂಡಿದ್ದಾನೆ. ಶಾಸ್ತ್ರ ಬಲ್ಲವರೇ ಅವನ ಶಾಸ್ತ್ರ ಮಾಡಿದ್ದಾರೆ. ಒಬ್ಬರಿಗೂ ಹೇಳಿಲ್ಲ. ಹೇಳದೆ, ಕತ್ತಲಲ್ಲಿ ಬಂದು, ಸಾವಿನ ಮನೆಯ ಬಟ್ಟೆಯನ್ನು ಆಟದ ದೆವ್ವದ ಮೇಲೆ ಎಲ್ಲರ ಕಣ್ಣೆದುರಿಗೆ ಹರಡಿ, ಒಬ್ಬ ಒಳ್ಳೆಯ ಮನುಷ್ಯ ಉಟ್ಟು ಸವೆಸಿದ ಪಂಚೆಯನ್ನು ಒಯ್ದಿದ್ದಾರೆ.

ಯಾರು? ಅದಕ್ಕಿಂತ ಮೊದಲು, ಹೋದವರು ಯಾರು?

ಕಿಟಕಿಯ ಹೊರಗೆ ಮೋಡ ಒಡೆದು ಬಿಸಿಲು ಬಿದ್ದಿತ್ತು. ಎದುರು ಮನೆಯ ಮೆಟ್ಟಿಲ ಮೇಲೆ ಕುಂಬಳಕಾಯಿಗಳು ಹಲ್ಲು ಕಿರಿದು ಕೂತಿದ್ದವು. ವಸಂತಮ್ಮ ಪಂಚೆಯನ್ನು ಮೊದಲಿನ ಗೆರೆಯ ಮೇಲೆಯೇ ಮತ್ತೆ ಮಡಿಸಿದರು. ಅವಸರ ಮಾಡಲಿಲ್ಲ. ಮಡಿಸಿ ಮುಂದಿಟ್ಟು, ಎದ್ದು ನಿಂತು ಕೈ ಮುಗಿದರು. ಅವರನ್ನು ನೋಡಿ ಉಳಿದಿಬ್ಬರೂ ಎದ್ದರು.

"ಅಪ್ಪಾ, ನೀವು ಯಾರೋ ನಮಗೆ ತಿಳಿಯದು. ನಿಮ್ಮ ಹೆಸರು ಹಿಡಿದು ಅಳುವವರು ಇದ್ದಾರೋ ಇಲ್ಲವೋ, ಅದೂ ತಿಳಿಯದು. ನಮ್ಮ ಯಜಮಾನರ ಪಂಚೆ ನಿಮಗಾಗಿಯೇ ಹೋಗಿದ್ದರೆ ಇರಲಿ, ಅವರು ಬೇಡ ಅನ್ನುವವರಲ್ಲ. ನಿಮಗೆ ಚಳಿಯಾಗದಿರಲಿ, ಬಾಯಾರದಿರಲಿ, ನಡೆಯುವ ದಾರಿಯಲ್ಲಿ ಬೆಳಕಿರಲಿ. ನಾರಾಯಣ, ನಮಗೆ ಗುರುತಿಲ್ಲದಿದ್ದರೂ ನಿನಗೆ ಗುರುತುಂಟು. ಹೋದ ಆ ಜೀವಕ್ಕೆ ಶಾಂತಿ ಕೊಡಪ್ಪ."